ಮನೆಯ ಕಂಪ್ಯೂಟರಿಗೆ ಹಗುರವಾದ ಪಿ.ಡಿ.ಎಫ್. ವಾಚಕ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಹಣಕಾಸಿನ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಹೇಳುವುದುಂಟು. ಕಂಪ್ಯೂಟರಿನ ವಿಷಯದಲ್ಲಿ ಈ ಮಾತನ್ನು ನೆನೆಯುವವರು ವಿರಳ. ಯಂತ್ರ ಸ್ವಲ್ಪ ನಿಧಾನವಾಯಿತೆಂದರೆ ಸಾಕು, ‘ಅದು ಹಳೆಯದಾಯಿತು, ಹೊಸದನ್ನು ಕೊಳ್ಳಿ’ ಎಂಬ ಸಲಹೆ ನಾಲ್ಕೂ ಕಡೆಯಿಂದ ಬರುತ್ತದೆ. ಸಲಹೆ ಕೊಡುವವರಿಗೇನೋ ಸುಲಭ. ಕೊಳ್ಳಬೇಕಾದವರ ಪಾಡು ಬೇರೆ. ಹಾಸಿಗೆಯನ್ನೇ ಬದಲಾಯಿಸುವುದಕ್ಕೆ ಮುಂಚೆ ಕಾಲನ್ನು ತುಸು ಮಡಿಸಿದರೆ ಸಾಲದೆ ಎಂದು ಯೋಚಿಸುವುದು ವಿವೇಕ. ಅಂಥ ಒಂದು ಸಣ್ಣ ವಿವೇಕವನ್ನು ಕುರಿತದ್ದು ಈ ಲೇಖನ. ಮನೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಪಿ.ಡಿ.ಎಫ್. ಕಡತಗಳನ್ನು ಓದುವುದಕ್ಕೆ ಯಾವ ಪ್ರೋಗ್ರಾಮನ್ನು ಆರಿಸಬೇಕು, ಏಕೆ ಆರಿಸಬೇಕು ಎಂಬುದೇ ಇಲ್ಲಿನ ವಿಷಯ. ವಿಷಯ ಸಣ್ಣದೆಂದು ವಾಚಕರು ಪುಟ ತಿರುವಿಬಿಡಬಾರದಾಗಿ ಪ್ರಾರ್ಥನೆ.

ಇಂದಿನ ದಿನಗಳಲ್ಲಿ ಪಿ.ಡಿ.ಎಫ್. ಇಲ್ಲದೆ ವಿದ್ಯಾರ್ಥಿಯ ಜೀವನ ಒಂದು ದಿನವೂ ಸಾಗದು. ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ಸುತ್ತೋಲೆ, ಪರೀಕ್ಷೆಯ ವೇಳಾಪಟ್ಟಿ, ಪ್ರವೇಶಪತ್ರ, ಹಳೆಯ ಪ್ರಶ್ನಪತ್ರಿಕೆ, ವಿದ್ಯಾರ್ಥಿವೇತನದ ಸ್ವೀಕೃತಿಪತ್ರ, ನೌಕರಿಯ ಅಧಿಸೂಚನೆ ಎಲ್ಲವೂ ಆ ರೂಪದಲ್ಲಿಯೇ ನಮ್ಮ ಕೈಸೇರುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದವರು ಶಾಲೆಯ ಪಠ್ಯಪುಸ್ತಕಗಳನ್ನೂ ಹಾಗೆಯೇ ಒದಗಿಸಿದ್ದಾರೆ. ವಿದ್ಯಾರ್ಥಿಗಳಲ್ಲದವರಿಗೂ ಇದು ತಪ್ಪಿದ್ದಲ್ಲ. ನಮ್ಮ ಸುಗಟೂರಿನಂಥ ಹಳ್ಳಿಯಲ್ಲಿ ಮನೆಯಲ್ಲೊಂದು ಕಂಪ್ಯೂಟರಿದೆ ಎಂದು ತಿಳಿದರೆ, ‘ನಮ್ಮ ಪಾಣಿ ಒಂಚೂರು ನೋಡಪ್ಪ, ಸರ್ವೆ ನಂಬರು ಸರಿಯಾಗೈತಾ ಅಂತ’ ಎಂದು ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. ಪಹಣಿಯಲ್ಲಿ ಒಂದು ಗುಂಟೆ ಹೆಚ್ಚು ಕಡಿಮೆಯಾದರೆ ಬೆಳೆಸಾಲ ನಿಂತೀತು. ಹೆಸರಿನ ಒಂದಕ್ಷರ ತಪ್ಪಿದರೆ ವರ್ಷಗಟ್ಟಲೆ ಕಚೇರಿಗೆ ಅಲೆದಾಡಬೇಕಾದೀತು. ಹೀಗಿರಲು, ಆ ಕಾಗದವನ್ನು ಸ್ಪಷ್ಟವಾಗಿ, ಬೇಗನೆ ತೆರೆದು ತೋರಿಸಬಲ್ಲ ಸಾಧನವೂ ನೇಗಿಲು ಕುಡುಗೋಲುಗಳಂತೆ ಮನೆಗೆ ಬೇಕಾದ ಸಾಧನವೇ ಸರಿ.

ನಮ್ಮ ಮನೆಯ ಯಂತ್ರದ ಪರಿಚಯವನ್ನು ಎರಡೇ ಮಾತಿನಲ್ಲಿ ಮಾಡಿಕೊಡುತ್ತೇನೆ. ಹಳ್ಳಿಯಿಂದ ಬರುವ ನನ್ನ ಸಹಪಾಠಿಗಳ ಮನೆಯಲ್ಲಿರುವುದೂ ಬಹುಮಟ್ಟಿಗೆ ಇಂಥದೇ. ಯಾವುದೋ ಕಚೇರಿಯಲ್ಲಿ ಬಳಸಿ ಬಿಟ್ಟದ್ದು. ಹಾಲಿನ ಡೇರಿಯ ಬಟವಾಡೆ ಹಣವನ್ನು ಕೂಡಿಟ್ಟು ಅಪ್ಪ ಕೊಂಡದ್ದು. ಅದರ ಮೆಮೊರಿ 2 ಗಿಗಾಬೈಟು. ಒಳಗಿರುವುದು ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕು. ಅಂಗಡಿಯವರು ಅದರಲ್ಲಿ ಒಂದು ಭಾರಿ ಪಿ.ಡಿ.ಎಫ್. ಪ್ರೋಗ್ರಾಮನ್ನು ಹಾಕಿಕೊಟ್ಟಿದ್ದರು. ಅದನ್ನು ತೆರೆದು, ಅಮ್ಮ ಒಲೆಯ ಮೇಲಿಟ್ಟ ಕಾಫಿ ಕುಡಿದು ಬಂದರೂ ಮೊದಲ ಪುಟ ಮೂಡುತ್ತಿರಲಿಲ್ಲ. ಹತ್ತನೆಯ ತರಗತಿಯಲ್ಲಿದ್ದ ತಂಗಿಗೆ ಗಣಿತದ ಪುಸ್ತಕ ನೋಡಬೇಕು, ನನಗೆ ಇತಿಹಾಸದ ಕಿರುಪ್ರಬಂಧಕ್ಕೆ ಓದಬೇಕು. ಇಬ್ಬರೂ ಕಾಯುವುದೇ ಕೆಲಸವಾಯಿತು. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಒಂದೇ ಮಾತು ಕೇಳಿದರು: ‘ಓದೋಕೆ ಅಂತ ತಂದಿದ್ದು. ಓದೋಕೇ ಆಗ್ದಿದ್ರೆ ಯಾಕಪ್ಪ ಮಡಿಕ್ಕೊಂಡಿರೋದು? ಮಾರ್ಬಿಡಾನ.’ ಮಾರಿದರೆ ಬರುವುದು ಗುಜರಿಯ ಬೆಲೆ. ಹೊಸದನ್ನು ಕೊಳ್ಳಬೇಕಾದರೆ ಕೊಟ್ಟಿಗೆಯ ಹಸುವೊಂದನ್ನು ಕಳೆದುಕೊಳ್ಳಬೇಕು. ಈ ಎರಡೂ ಬೇಡವೆಂದಾದರೆ ದೋಷ ಎಲ್ಲಿದೆ ಎಂಬುದನ್ನು ತಿಳಿಯಲೇಬೇಕಾಗಿತ್ತು.

ಮೊದಲು ಪಿ.ಡಿ.ಎಫ್. ಎಂದರೇನು ಎಂಬುದನ್ನು ನೋಡೋಣ. ಪೋರ್ಟಬಲ್ ಡಾಕ್ಯುಮೆಂಟ್ ಫಾರ್ಮ್ಯಾಟ್ ಎಂಬುದರ ಮೊದಲಕ್ಷರಗಳಿಂದಾದ ಹೆಸರು ಇದು. ಎಲ್ಲಿಗೆ ಒಯ್ದರೂ ರೂಪಗೆಡದ ಕಾಗದ ಎಂದು ಅದರ ತಾತ್ಪರ್ಯ. ಅಮೆರಿಕದಲ್ಲಿ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಎಂಬಿಬ್ಬರು 1982ರಲ್ಲಿ ಅಡೋಬಿ ಕಂಪನಿಯನ್ನು ಸ್ಥಾಪಿಸಿದರು. ಪುಟದ ಮೇಲೆ ಅಕ್ಷರ, ಗೆರೆ, ಚಿತ್ರಗಳನ್ನು ಎಲ್ಲೆಲ್ಲಿ ಮೂಡಿಸಬೇಕೆಂದು ಮುದ್ರಣಯಂತ್ರಕ್ಕೆ ತಿಳಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಅವರು 1984ರಲ್ಲಿ ಹೊರತಂದರು. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಮತ್ತೊಂದರಲ್ಲಿ ಅಡ್ಡಾದಿಡ್ಡಿಯಾಗಿ ಕಾಣುತ್ತಿದ್ದ ಕಾಲ ಅದು. ಈ ತೊಂದರೆಯನ್ನು ನೀಗುವುದಕ್ಕಾಗಿ ವಾರ್ನಾಕ್ 1991ರಲ್ಲಿ ‘ಕ್ಯಾಮೆಲಾಟ್’ ಎಂಬ ಯೋಜನೆಯನ್ನು ರೂಪಿಸಿದರು. ಅದರ ಫಲವಾಗಿ 1993ರಲ್ಲಿ ಪಿ.ಡಿ.ಎಫ್. ಹುಟ್ಟಿತು. ಮೊದಮೊದಲು ಅದನ್ನು ಓದುವ ಪ್ರೋಗ್ರಾಮನ್ನೂ ಹಣ ಕೊಟ್ಟೇ ಕೊಳ್ಳಬೇಕಾಗಿತ್ತು; ಅನಂತರ ಅದನ್ನು ಉಚಿತವಾಗಿ ಕೊಡತೊಡಗಿದರು.

ನಮಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. 2008ರಲ್ಲಿ ಪಿ.ಡಿ.ಎಫ್. ಅಂತರರಾಷ್ಟ್ರೀಯ ಮಾನಕವಾಯಿತು; ಐ.ಎಸ್.ಓ. 32000 ಎಂಬುದು ಅದರ ಸಂಖ್ಯೆ. ಎಂದರೆ ಈ ರೂಪದ ನಿಯಮಗಳು ಬಹಿರಂಗವಾಗಿವೆ. ಆ ನಿಯಮಗಳನ್ನು ಅನುಸರಿಸಿ ಯಾರು ಬೇಕಾದರೂ ವಾಚಕವನ್ನು ತಯಾರಿಸಬಹುದು. ಪಿ.ಡಿ.ಎಫ್. ಓದಲು ಒಂದೇ ಕಂಪನಿಯ ಪ್ರೋಗ್ರಾಮು ಬೇಕೆಂಬುದು ಈಗ ಬರಿಯ ರೂಢಿ, ನಿಯಮವಲ್ಲ. ಯೂರೋಪಿನಲ್ಲಿ ಸ್ವತಂತ್ರ ತಂತ್ರಾಂಶದ ಪರವಾದ ಸಂಸ್ಥೆಯೊಂದು ಇದೇ ವಿಷಯದ ಮೇಲೆ ಚಳವಳಿಯನ್ನೇ ನಡೆಸಿತು. ಸರ್ಕಾರಿ ರಸ್ತೆಯಲ್ಲಿ ಇಂಥ ಕಂಪನಿಯ ಕಾರೇ ಓಡಬೇಕೆಂದು ಫಲಕ ಹಾಕುವುದು ಹೇಗೆ ತಪ್ಪೋ, ಸರ್ಕಾರಿ ಕಡತವನ್ನು ಇಂಥವರ ಪ್ರೋಗ್ರಾಮಿನಲ್ಲಿಯೇ ಓದಿ ಎನ್ನುವುದೂ ಹಾಗೆಯೇ ತಪ್ಪೆಂಬುದು ಅವರ ವಾದ. ವಾದದಲ್ಲಿ ಹುರುಳಿದೆ.

ಈಗ ಕಡತದ ಒಳಗನ್ನು ಸ್ವಲ್ಪ ಇಣುಕಿ ನೋಡೋಣ. ಪುಸ್ತಕವನ್ನು ನಾವು ಮೊದಲಿನಿಂದ ಓದುತ್ತೇವೆ. ಆದರೆ ಪಿ.ಡಿ.ಎಫ್. ವಾಚಕವು ಕಡತವನ್ನು ಕೊನೆಯಿಂದ ಓದಲು ತೊಡಗುತ್ತದೆ. ಕೊನೆಯಲ್ಲಿ ಒಂದು ಸೂಚಿ ಇರುತ್ತದೆ. ಯಾವ ಪುಟ, ಯಾವ ಚಿತ್ರ, ಯಾವ ಅಕ್ಷರಜಾತಿ ಕಡತದ ಎಷ್ಟನೆಯ ಬೈಟಿನಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ. ಗ್ರಂಥದ ಕೊನೆಯಲ್ಲಿ ಶಬ್ದಸೂಚಿ ಇರುವುದಿಲ್ಲವೆ, ಹಾಗೆ. 300ನೆಯ ಪುಟ ಬೇಕೆಂದರೆ ಹಿಂದಿನ 299 ಪುಟಗಳನ್ನು ಬಿಡಿಸಬೇಕಾಗಿಲ್ಲ. ಸೂಚಿಯನ್ನು ನೋಡಿ ನೇರವಾಗಿ ಆ ಪುಟಕ್ಕೆ ಹಾರಬಹುದು. ಆದ್ದರಿಂದ ಪುಸ್ತಕ ದೊಡ್ಡದಾದ ಮಾತ್ರಕ್ಕೆ ತೆರೆಯುವುದು ತಡವಾಗಬೇಕಾಗಿಲ್ಲ. ತಡವಾಗುವುದಕ್ಕೆ ಕಾರಣಗಳು ಎರಡು: ಒಂದು ಪುಟದ ಭಾರ, ಇನ್ನೊಂದು ಪ್ರೋಗ್ರಾಮಿನ ಭಾರ.

ಪುಟದ ಭಾರ ಎಂದರೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎ-4 ಅಳತೆಯ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಲಾಗಿ 2480, ಉದ್ದಕ್ಕೆ 3508 ಚುಕ್ಕಿಗಳಾಗುತ್ತವೆ. ಒಟ್ಟು ಸುಮಾರು 87 ಲಕ್ಷ. ಬಣ್ಣದ ಚಿತ್ರದಲ್ಲಿ ಪ್ರತಿ ಚುಕ್ಕಿಗೂ 3 ಬೈಟು ಬೇಕು. ಅಲ್ಲಿಗೆ ಒಂದು ಪುಟಕ್ಕೆ ಸುಮಾರು 2 ಕೋಟಿ 61 ಲಕ್ಷ ಬೈಟುಗಳು, ಎಂದರೆ 26 ಮೆಗಾಬೈಟು. ಡಿಸ್ಕಿನಲ್ಲಿ ಅದನ್ನು ಒತ್ತಿ ಕುಗ್ಗಿಸಿಟ್ಟಿರುವುದರಿಂದ ಚಿಕ್ಕದಾಗಿ ಕಾಣುತ್ತದೆ. ಪರದೆಯ ಮೇಲೆ ತೋರಿಸುವಾಗ ಅದನ್ನು ಪೂರ್ತಿ ಬಿಡಿಸಲೇಬೇಕು. ಹಿಂದಿನ ಮುಂದಿನ ಪುಟಗಳನ್ನೂ ಸೇರಿಸಿ ನಾಲ್ಕು ಪುಟ ಬಿಡಿಸಿಟ್ಟುಕೊಂಡರೆ 100 ಮೆಗಾಬೈಟು ಮೀರಿತು. ಅದೇ ಹಾಳೆಯನ್ನು ಬರಿಯ ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರೆ ಚುಕ್ಕಿಗೆ ಒಂದೇ ಬಿಟ್ಟು ಸಾಕು. ಪುಟಕ್ಕೆ ಸುಮಾರು 11 ಲಕ್ಷ ಬೈಟು, 24ರಲ್ಲಿ ಒಂದು ಪಾಲು ಮಾತ್ರ. ಒತ್ತಿದ್ದನ್ನು ಬಿಡಿಸುವ ಶ್ರಮವೂ ಎಲ್ಲ ಕಡತಗಳಿಗೂ ಒಂದೇ ಅಲ್ಲ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ದೊರೆಯುವ ಹಳೆಯ ಗ್ರಂಥಗಳ ಚಿತ್ರಗಳಲ್ಲಿ ಅನೇಕವು ಜೆಪೆಗ್-2000 ಎಂಬ ವಿಧಾನದಲ್ಲಿರುತ್ತವೆ; ಅದು ಜಾಗವನ್ನು ಉಳಿಸುತ್ತದೆ, ಆದರೆ ಬಿಡಿಸುವಾಗ ಹಳೆಯ ಯಂತ್ರವನ್ನು ಬೆವರಿಳಿಸುತ್ತದೆ. ಇದು ಯಾವ ವಾಚಕವನ್ನು ತಂದರೂ ಪೂರ್ತಿ ತಪ್ಪದ ಭಾರ.

ಪ್ರೋಗ್ರಾಮಿನ ಭಾರ ಹಾಗಲ್ಲ. ಅದು ನಾವು ಆರಿಸಿ ತಂದುಕೊಂಡದ್ದು. ಭಾರಿ ವಾಚಕಗಳಲ್ಲಿ ಓದುವುದು ನೂರು ಕೆಲಸಗಳಲ್ಲಿ ಒಂದು. ದೂರದ ಸರ್ವರಿನಲ್ಲಿ ಕಡತವನ್ನಿಡುವುದು, ನಾಲ್ಕು ಜನ ಕೂಡಿ ತಿದ್ದುವುದು, ಸಹಿ ಸಂಗ್ರಹಿಸುವುದು, ಚಂದಾದಾರರಾಗಿ ಎಂದು ನೆನಪಿಸುವುದು, ಹಿನ್ನೆಲೆಯಲ್ಲಿ ಕುಳಿತು ಹೊಸ ಆವೃತ್ತಿ ಬಂದಿತೆ ಎಂದು ನೋಡುತ್ತಿರುವುದು ಇತ್ಯಾದಿ. ದೊಡ್ಡ ಕಚೇರಿಗಳಿಗೆ ಇವು ಬೇಕಾಗಬಹುದು. ಪಹಣಿ ನೋಡುವವನಿಗೆ, ಪಾಠ ಓದುವವಳಿಗೆ ಇವುಗಳಿಂದ ಪ್ರಯೋಜನವೇನು? ಒಂದು ಕೊಡ ನೀರಿಗಾಗಿ ಟ್ಯಾಂಕರು ಬಾಡಿಗೆಗೆ ತಂದಂತೆ. ಕೊಡ ತುಂಬುತ್ತದೆ ನಿಜ. ಬಾಡಿಗೆ ಮಾತ್ರ ಟ್ಯಾಂಕರಿನದೇ.

ಕನ್ನಡ ಓದುಗರಾದ ನಮಗೆ ಇನ್ನೊಂದು ವಿಶೇಷ ಪ್ರಶ್ನೆಯಿದೆ: ಕನ್ನಡ ಅಕ್ಷರ ಸರಿಯಾಗಿ ಕಾಣುತ್ತದೆಯೆ, ಹುಡುಕಿದರೆ ಸಿಕ್ಕುತ್ತದೆಯೆ? ಇವೆರಡೂ ಬೇರೆ ಬೇರೆ ಸಂಗತಿಗಳು. ಕಡತ ತಯಾರಿಸುವವರು ಅಕ್ಷರಜಾತಿಯನ್ನು ಕಡತದೊಳಗೇ ಸೇರಿಸಿದ್ದರೆ, ನಮ್ಮ ಯಂತ್ರದಲ್ಲಿ ಆ ಅಕ್ಷರಜಾತಿ ಇಲ್ಲದಿದ್ದರೂ ಪುಟ ಸರಿಯಾಗಿಯೇ ಕಾಣುತ್ತದೆ. ಸೇರಿಸಿಲ್ಲದಿದ್ದರೆ ಎಂಥ ವಾಚಕಕ್ಕೂ ಕಷ್ಟವೇ. ಹುಡುಕುವ ವಿಷಯ ಇನ್ನೂ ಸೂಕ್ಷ್ಮ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೂ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಜಾತಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿದ್ದರು. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಂಥ ಕಡತದಲ್ಲಿ ‘ಕೋಲಾರ’ ಎಂದು ಹುಡುಕಿದರೆ ಪುಟದ ತುಂಬ ಕೋಲಾರವಿದ್ದರೂ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ.

ಯೂನಿಕೋಡಿನಲ್ಲಿ ಬರೆದ ಕಡತಗಳಲ್ಲಿಯೂ ತೊಡಕು ಪೂರ್ತಿ ತೀರಿಲ್ಲ. ಪಿ.ಡಿ.ಎಫ್. ಮುಖ್ಯವಾಗಿ ದಾಖಲಿಸುವುದು ಅಕ್ಷರದ ಆಕಾರವನ್ನೂ ಅದರ ಸ್ಥಾನವನ್ನೂ. ‘ಕರ್ನಾಟಕ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಉಚ್ಚಾರಣೆಯಲ್ಲಿಯೂ ಯೂನಿಕೋಡಿನ ಕ್ರಮದಲ್ಲಿಯೂ ರಕಾರ ಮೊದಲು, ನಕಾರ ಆಮೇಲೆ. ಬರೆಯುವಾಗ ಅರ್ಕಾವತ್ತನ್ನು ‘ನಾ’ ಆದ ಮೇಲೆ ಹಾಕುತ್ತೇವೆ. ಕಡತವು ಕಣ್ಣಿಗೆ ಕಾಣುವ ಕ್ರಮವನ್ನು ಇಟ್ಟುಕೊಂಡು, ಮೂಲಕ್ರಮವನ್ನು ತಿಳಿಸುವ ಪಟ್ಟಿಯನ್ನು ಸರಿಯಾಗಿ ಕೊಡದಿದ್ದರೆ ಹುಡುಕಾಟ ಕೈಕೊಡುತ್ತದೆ. ಇದಕ್ಕೆ ವಾಚಕವನ್ನು ದೂರಿ ಫಲವಿಲ್ಲ. ಕಡತವನ್ನು ಮಾಡಿದ ರೀತಿಯಲ್ಲೇ ಕೊರತೆ ಇರುತ್ತದೆ. ಭಾರಿ ವಾಚಕವಾದರೆ ಹುಡುಕೀತು ಎಂಬ ಆಸೆಯಿಂದ ಅದನ್ನು ಹಾಕಿಕೊಳ್ಳುವವರು ಈ ಅಂಶವನ್ನು ಗಮನಿಸಬೇಕು. ಅರ್ಕಾವತ್ತು, ಒತ್ತಕ್ಷರಗಳಿಲ್ಲದ ಮಾತನ್ನು ಆರಿಸಿ ಹುಡುಕಿದರೆ ಎಷ್ಟೋ ಸಲ ಸಿಕ್ಕುವುದುಂಟು.

ಇನ್ನು ವಾಚಕವನ್ನು ಪರೀಕ್ಷಿಸುವ ಕ್ರಮವನ್ನು ಹೇಳುತ್ತೇನೆ. ಇದಕ್ಕೆ ಪಾಂಡಿತ್ಯ ಬೇಕಾಗಿಲ್ಲ. ಮೂರು ಕಡತಗಳಿದ್ದರೆ ಸಾಕು. ಮೊದಲನೆಯದು ಪಹಣಿಯಂಥ ಒಂದೆರಡು ಪುಟದ ಕನ್ನಡ ಕಡತ. ಎರಡನೆಯದು ಚಿತ್ರಗಳು ತುಂಬಿದ ಪಠ್ಯಪುಸ್ತಕ. ಮೂರನೆಯದು ಸ್ಕ್ಯಾನ್ ಮಾಡಿದ ಹಳೆಯ ಗ್ರಂಥ. ಕಂಪ್ಯೂಟರನ್ನು ಆಗತಾನೆ ಹಚ್ಚಿ, ಒಂದೊಂದನ್ನೂ ತೆರೆದು, ಮೊದಲ ಪುಟ ಮೂಡುವವರೆಗೆ ಗಡಿಯಾರ ನೋಡಬೇಕು. ಎರಡನೆಯ ಸಲ ತೆರೆದಾಗ ಎಲ್ಲ ಪ್ರೋಗ್ರಾಮುಗಳೂ ಚುರುಕಾಗಿ ಕಾಣುತ್ತವೆ. ಆದ್ದರಿಂದ ಮೊದಲ ಸಲದ ಲೆಕ್ಕವೇ ನಿಜವಾದ ಲೆಕ್ಕ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಯಾವ ಪ್ರೋಗ್ರಾಮು ಎಷ್ಟು ಮೆಮೊರಿಯನ್ನು ಹಿಡಿದಿದೆ ಎಂಬುದು ಕಾಣುತ್ತದೆ. ಗ್ರಂಥದ ನಡುವಿನ ಪುಟಕ್ಕೆ ಹಾರಿ, ಹತ್ತು ಪುಟ ತಿರುವಿ, ಆ ಅಂಕಿ ಏರುತ್ತಲೇ ಹೋಗುತ್ತದೆಯೋ ಒಂದು ಮಟ್ಟದಲ್ಲಿ ನಿಲ್ಲುತ್ತದೆಯೋ ನೋಡಬೇಕು. ಕೊನೆಗೆ ಪ್ರೋಗ್ರಾಮನ್ನು ಮುಚ್ಚಿದ ಮೇಲೂ ಅದರ ಪರಿವಾರದವರು ಯಾರಾದರೂ ಹಿಂದೆ ಉಳಿದಿದ್ದಾರೆಯೆ ಎಂಬುದನ್ನೂ ನೋಡಬೇಕು. ಇಂಟರ್‌ನೆಟ್ಟನ್ನು ಕಿತ್ತು ಇದೆಲ್ಲವನ್ನೂ ಇನ್ನೊಮ್ಮೆ ಮಾಡುವುದು ಲೇಸು. ಹಳ್ಳಿಯಲ್ಲಿ ಸಿಗ್ನಲ್ಲು ಬಂದು ಹೋಗುವ ನೆಂಟ.

ಈ ಪರೀಕ್ಷೆಗೆ ಒಡ್ಡಬಹುದಾದ ವಾಚಕಗಳಲ್ಲಿ ಮೊದಲನೆಯದು ಈಗಾಗಲೇ ಮನೆಯಲ್ಲಿರುವ ಬ್ರೌಸರು. ಫೈರ್‌ಫಾಕ್ಸ್‌ನಲ್ಲಿ 2013ರಿಂದ ಪಿ.ಡಿ.ಎಫ್. ತೆರೆಯುವ ವ್ಯವಸ್ಥೆ ಒಳಗೇ ಇದೆ. ಕ್ರೋಮ್, ಎಡ್ಜ್‌ಗಳಲ್ಲಿಯೂ ಇದೆ. ಬ್ರೌಸರು ಹೇಗೂ ತೆರೆದಿದ್ದರೆ ಒಂದೆರಡು ಪುಟದ ಕಡತಕ್ಕೆ ಇದೇ ಸಾಕು, ಬೇರೇನನ್ನೂ ತರಬೇಕಾಗಿಲ್ಲ. ಆದರೆ ಬ್ರೌಸರು ತಾನೇ ಮೆಮೊರಿಯನ್ನು ಧಾರಾಳವಾಗಿ ಬಳಸುವ ಪ್ರಾಣಿ. ನೂರಾರು ಪುಟಗಳ ಸ್ಕ್ಯಾನ್ ಗ್ರಂಥವನ್ನು ಅದರಲ್ಲಿ ತೆರೆದರೆ 2 ಗಿಗಾಬೈಟಿನ ಯಂತ್ರ ಏದುಸಿರು ಬಿಡುತ್ತದೆ.

ಎರಡನೆಯದು ಸುಮಾತ್ರಾ ಪಿ.ಡಿ.ಎಫ್. ಇದನ್ನು ಬರೆದವರು ಕ್ರಿಸ್‌ಟಾಫ್ ಕೊವಾಲ್‌ಚಿಕ್. ಮೊದಲು ಬಿಡುಗಡೆಯಾದದ್ದು 2006ರಲ್ಲಿ. ವಿಂಡೋಸ್‌ಗೆ ಮಾತ್ರ ದೊರೆಯುತ್ತದೆ. ಪುಟವನ್ನು ಮೂಡಿಸುವ ಕೆಲಸಕ್ಕೆ ಮ್ಯುಪಿಡಿಎಫ್ ಎಂಬ ಚುರುಕಾದ ಎಂಜಿನನ್ನು ಬಳಸುತ್ತದೆ. ಪುಟ್ಟ ಪ್ರೋಗ್ರಾಮು, ಜಾಹೀರಾತಿಲ್ಲ, ಖಾತೆ ತೆರೆಯಿರೆಂಬ ಒತ್ತಾಯವಿಲ್ಲ. ಹಿಂದಿನ ಸಲ ಓದಿ ನಿಲ್ಲಿಸಿದ ಪುಟವನ್ನು ನೆನಪಿಟ್ಟುಕೊಂಡು ಅಲ್ಲಿಗೇ ತೆರೆಯುತ್ತದೆ. ಈಪಬ್, ಡೇಜಾವು ಮುಂತಾದ ಬೇರೆ ರೂಪದ ಪುಸ್ತಕಗಳನ್ನೂ ಓದುತ್ತದೆ. ಇದರ ಇನ್ನೊಂದು ಗುಣ ವಿದ್ಯಾರ್ಥಿಗಳಿಗೆ ಬಹು ಉಪಕಾರಿ: ಕಂಪ್ಯೂಟರಿನಲ್ಲಿ ಸ್ಥಾಪಿಸದೆಯೇ ಪೆನ್‌ಡ್ರೈವಿನಿಂದ ನೇರವಾಗಿ ನಡೆಸಬಲ್ಲ ಆವೃತ್ತಿಯೂ ಉಂಟು.

ಮೂರನೆಯ ಗುಂಪು ಲೈನಕ್ಸಿನ ವಾಚಕಗಳು. ಡೆರೆಕ್ ನೂನ್‌ಬರ್ಗ್ 1995ರಲ್ಲಿ ಹೊರತಂದ ಎಕ್ಸ್‌ಪಿಡಿಎಫ್ ಈ ವಂಶದ ಹಿರಿಯ. ಅದರಿಂದ 2005ರಲ್ಲಿ ಕವಲೊಡೆದ ಪಾಪ್ಲರ್ ಎಂಬ ಎಂಜಿನಿನ ಮೇಲೆ ಎವಿನ್ಸ್, ಎಕ್ಸ್‌ರೀಡರ್, ಓಕ್ಯುಲರ್ ಮುಂತಾದವು ನಿಂತಿವೆ. ಓಕ್ಯುಲರ್‌ಗೆ 2022ರಲ್ಲಿ ಜರ್ಮನಿಯ ‘ನೀಲಿ ದೇವತೆ’ ಎಂಬ ಪರಿಸರಮುದ್ರೆ ದೊರೆಯಿತು. ಆ ಮುದ್ರೆಯನ್ನು ಪಡೆದ ಮೊದಲ ಕಂಪ್ಯೂಟರ್ ಪ್ರೋಗ್ರಾಮು ಅದು. ವಿದ್ಯುತ್ತನ್ನು ಮಿತವಾಗಿ ಬಳಸಬೇಕು, ಹಳೆಯ ಯಂತ್ರದಲ್ಲಿಯೂ ನಡೆಯಬೇಕು ಎಂಬವು ಆ ಮುದ್ರೆಗೆ ನೋಡುವ ಗುಣಗಳು. ಹಗುರವಾದ ಪ್ರೋಗ್ರಾಮು ಬಡವನ ಕಟ್ಟುಪಾಡಲ್ಲ, ಲೋಕಕ್ಕೇ ಹಿತವಾದ ಕ್ರಮ ಎಂಬುದಕ್ಕೆ ಇದು ಸಾಕ್ಷಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟು ಮೆಮೊರಿ ಬೇಕು. ಆದ್ದರಿಂದ ಹಳೆಯ ಯಂತ್ರವುಳ್ಳವರು ಲೈನಕ್ಸಿನ ಕಡೆಗೆ ನೋಡುವ ಕಾಲ ಬಂದಿದೆ. ಅಲ್ಲಿಗೆ ಹೋದವರು ವಾಚಕವನ್ನು ಹುಡುಕಬೇಕಾಗಿಯೂ ಇಲ್ಲ. ಅದು ಸಾಮಾನ್ಯವಾಗಿ ಜೊತೆಯಲ್ಲಿಯೇ ಬರುತ್ತದೆ.

ನಾಲ್ಕನೆಯದು ಅಡೋಬಿಯವರದೇ ಆದ ಆಕ್ರೊಬ್ಯಾಟ್ ರೀಡರ್. ಗಾತ್ರದಲ್ಲಿ ದೊಡ್ಡದು ನಿಜ. ಆದರೆ ಪಿ.ಡಿ.ಎಫ್.ನ ಅತಿ ಹೆಚ್ಚು ಸೌಲಭ್ಯಗಳನ್ನು ಬಲ್ಲದ್ದೂ ಅದೇ. ಅದನ್ನು ತೆಗಳುವುದು ನನ್ನ ಉದ್ದೇಶವಲ್ಲ. ಎಲ್ಲಿ ಅದು ಬೇಕು, ಎಲ್ಲಿ ಬೇಡ ಎಂಬುದನ್ನು ತಿಳಿದರೆ ಸಾಕು.

ಹಗುರವಾದುದಕ್ಕೂ ಮಿತಿಗಳುಂಟು, ಅವನ್ನು ಮರೆಮಾಚಬಾರದು. ಮೊದಲನೆಯದು ಅರ್ಜಿ ತುಂಬುವುದು. ಖಾಲಿ ಜಾಗಗಳಲ್ಲಿ ಟೈಪು ಮಾಡಿ ತುಂಬಬೇಕಾದ ಪಿ.ಡಿ.ಎಫ್. ಅರ್ಜಿಗಳಿಗೆ ಸುಮಾತ್ರಾ ತಕ್ಕದ್ದಲ್ಲ. ಆ ಕೆಲಸವನ್ನು ಫೈರ್‌ಫಾಕ್ಸ್ ಅಥವಾ ಎಡ್ಜ್‌ನಲ್ಲಿ ಮಾಡಬಹುದು. ಎರಡನೆಯದು ಡಿಜಿಟಲ್ ಸಹಿ. ಇ-ಆಧಾರ್ ಮೊದಲಾದ ಕಡತಗಳಲ್ಲಿ ಒಂದು ಡಿಜಿಟಲ್ ಸಹಿ ಇರುತ್ತದೆ. ಪುಟದಲ್ಲಿ ಸಹಿಯ ಗುರುತು ಕಾಣುವುದೇ ಬೇರೆ, ಸಹಿ ನಿಜವೆಂದು ಗಣಿತದ ಮೂಲಕ ತಾಳೆ ನೋಡುವುದೇ ಬೇರೆ. ತಾಳೆ ನೋಡುವುದಕ್ಕೆ ಆಕ್ರೊಬ್ಯಾಟ್ ರೀಡರ್ ಅಥವಾ ಓಕ್ಯುಲರ್ ಬೇಕು. ಯಾರಾದರೂ ಕಳಿಸಿದ ಪ್ರಮಾಣಪತ್ರವನ್ನು ನಂಬಿ ಹಣದ ವ್ಯವಹಾರ ಮಾಡುವ ಮುನ್ನ ಈ ತಾಳೆ ಅವಶ್ಯ. ಬರಿದೇ ಓದುವುದಕ್ಕೆ ಇದರ ಅಗತ್ಯವಿಲ್ಲ.

ಮೂರನೆಯದು ಭದ್ರತೆಯ ವಿಚಾರ; ಇಲ್ಲಿ ಹಗುರತನವೇ ಒಂದು ರಕ್ಷೆ. ಪಿ.ಡಿ.ಎಫ್. ಕಡತದೊಳಗೆ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಆಜ್ಞೆಗಳನ್ನು ಅಡಗಿಸಿಡಲು ಸಾಧ್ಯ. ಒಳ್ಳೆಯವರು ಅದನ್ನು ಅರ್ಜಿಯ ಲೆಕ್ಕ ಕೂಡಿಸಲು ಬಳಸುತ್ತಾರೆ, ಕೆಟ್ಟವರು ಕೆಟ್ಟದ್ದಕ್ಕೆ. ಬಾಗಿಲುಗಳು ಹೆಚ್ಚಿದ ಮನೆಗೆ ಬೀಗಗಳೂ ಹೆಚ್ಚು ಬೇಕು. ಬರಿಯ ಪುಟ ತೋರಿಸುವ ವಾಚಕಕ್ಕೆ ಬಾಗಿಲುಗಳೇ ಕಡಿಮೆ. ಹಾಗೆಂದು ನಿಶ್ಚಿಂತೆಯಿಂದ ಮಲಗುವಂತಿಲ್ಲ. ಯಾವ ವಾಚಕವಾದರೂ ಅದರ ಮೂಲಸ್ಥಾನದಿಂದಲೇ ಇಳಿಸಿಕೊಳ್ಳಬೇಕು, ಆಗಾಗ್ಗೆ ಹೊಸ ಆವೃತ್ತಿಯನ್ನು ಹಾಕಿಕೊಳ್ಳುತ್ತಿರಬೇಕು. ಊರಿನವರ ಆಧಾರ್, ಪಹಣಿಗಳನ್ನು ಕೆಲಸ ಮುಗಿದೊಡನೆ ಅಳಿಸಿಬಿಡುವುದೂ ನಮ್ಮ ಧರ್ಮ. ನಂಬಿ ಕೊಟ್ಟ ಕಾಗದ ಅದು.

ಈ ಎಲ್ಲವನ್ನೂ ತೂಗಿ ನೋಡಿ ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಸರಳವಾದದ್ದು. ಭಾರಿ ಪ್ರೋಗ್ರಾಮನ್ನು ತೆಗೆದುಹಾಕಿದೆ. ದಿನದ ಓದಿಗೆ ಸುಮಾತ್ರಾ, ಅರ್ಜಿ ತುಂಬುವುದಕ್ಕೆ ಬ್ರೌಸರು. ಸಹಿಯನ್ನು ತಾಳೆ ನೋಡಬೇಕಾದ ಅಪರೂಪದ ಸಂದರ್ಭಕ್ಕೆ ಕಾಲೇಜಿನ ಕಂಪ್ಯೂಟರು. ಪರಿಣಾಮ ಆ ದಿನವೇ ಕಂಡಿತು. ಪಹಣಿ ಕ್ಲಿಕ್ಕಿಸಿದೊಡನೆ ತೆರೆಯಿತು. ತಂಗಿಯ ಗಣಿತದ ಪುಸ್ತಕ ಹಿಂದಿನ ರಾತ್ರಿ ಬಿಟ್ಟ ಲೆಕ್ಕದ ಪುಟಕ್ಕೇ ತೆರೆಯುತ್ತದೆ. ‘ಅಣ್ಣ, ಇದು ನಂಗಿಂತ ಚೆನ್ನಾಗಿ ಗ್ಯಾಪ್ಕ ಇಟ್ಕೊಳ್ತದೆ’ ಎಂದು ಅವಳು ನಗುತ್ತಾಳೆ. ಮಾರುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ನನ್ನ ಕಿರುಪ್ರಬಂಧಕ್ಕೆ ಆದ ಉಪಕಾರವನ್ನು ಇಲ್ಲಿ ಹೇಳದಿದ್ದರೆ ಲೇಖನ ಅಪೂರ್ಣ. ವಿಜಯನಗರದ ಕಾಲದಲ್ಲಿ ಕೋಲಾರ, ಹೊಸಕೋಟೆಗಳ ಸೀಮೆಯಲ್ಲಿ ಹೆಸರಾಗಿದ್ದ ಸುಗಟೂರು ಪಾಳೆಯಗಾರರು ನಮ್ಮೂರಿನ ಹೆಸರನ್ನೇ ಹೊತ್ತವರು. ಅವರ ವಿಷಯವನ್ನು ತಿಳಿಯಬೇಕಾದರೆ ಶಾಸನಗಳನ್ನು ನೋಡಬೇಕು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟ, 1905ರಲ್ಲಿ ಅಚ್ಚಾದದ್ದು, ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲು. ಶಾಸನಗಳ ಪಾಠವೂ ಇಂಗ್ಲಿಷ್ ಅನುವಾದವೂ ಅದರಲ್ಲಿವೆ. ರೈಸ್ ತೀರಿಕೊಂಡದ್ದು 1927ರಲ್ಲಿ; ನಮ್ಮ ದೇಶದ ಕಾನೂನಿನಂತೆ ಗ್ರಂಥಕರ್ತರು ಕಾಲವಾಗಿ 60 ವರ್ಷ ಕಳೆದರೆ ಗ್ರಂಥಸ್ವಾಮ್ಯ ಮುಗಿಯುತ್ತದೆ. ಆದ್ದರಿಂದ ಆ ಗ್ರಂಥದ ಪಿ.ಡಿ.ಎಫ್.ಅನ್ನು ಇಳಿಸಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ. ಒಂದು ಕಾಲಕ್ಕೆ ದೊಡ್ಡ ಗ್ರಂಥಾಲಯಗಳ ಕಪಾಟಿನಲ್ಲಿ ಮಾತ್ರ ಇದ್ದ ಆ ಬೃಹತ್ ಸಂಪುಟವನ್ನು ಸುಗಟೂರಿನ ಹೆಂಚಿನ ಮನೆಯಲ್ಲಿ ಕುಳಿತು ಪುಟಪುಟವಾಗಿ ತಿರುವಿದೆ. ತಮ್ಮೇಗೌಡನ ಹೆಸರು ಬಂದ ಕಡೆ ನಿಲ್ಲಿಸಿ ಅಪ್ಪನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಕೇಳಿ, ‘ಇಷ್ಟೆಲ್ಲ ಬರ್ದಿಟ್ಟವ್ರಾ ನಮ್ಮ ಸೀಮೇದು?’ ಎಂದರು. ಓದು ಬಾರದ ತಂದೆಗೆ ಮಗ ತನ್ನ ಊರಿನ ಶಾಸನವನ್ನು ಓದಿ ಹೇಳುವುದಕ್ಕೆ ಒಂದು ಪುಟ್ಟ ಪ್ರೋಗ್ರಾಮು ನೆರವಾಯಿತೆಂದರೆ ಅದು ಪುಟ್ಟದೆನ್ನುವುದು ಹೇಗೆ?

‘ಎಲ್ಲರ ಕೈಯಲ್ಲೂ ಮೊಬೈಲಿದೆ, ಕಂಪ್ಯೂಟರಿನ ಗೋಜೇಕೆ?’ ಎಂದು ಕೆಲವರು ಕೇಳಬಹುದು. ಪ್ರವೇಶಪತ್ರದ ಸಂಖ್ಯೆ ನೋಡುವುದಕ್ಕೆ ಮೊಬೈಲು ಸಾಕು, ಒಪ್ಪಿದೆ. ಆದರೆ ಶಾಸನದ ಪಾಠವನ್ನು ಒಂದು ಕಡೆ, ನಮ್ಮ ಟಿಪ್ಪಣಿಯನ್ನು ಇನ್ನೊಂದು ಕಡೆ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವ ಓದಿಗೆ ಅಂಗೈಯಗಲದ ಪರದೆ ಸಾಲದು. ಒಂದು ಸಾಲು ಓದಲು ನಾಲ್ಕು ಸಲ ಪುಟವನ್ನು ಎಳೆದಾಡುವುದರಲ್ಲೇ ಮನಸ್ಸು ಚದುರುತ್ತದೆ. ಓದಿಗೆ ಬೇಕಾದುದು ಪರದೆಯ ಅಗಲ ಮತ್ತು ಮನಸ್ಸಿನ ನೆಮ್ಮದಿ. ಹಳೆಯ ಕಂಪ್ಯೂಟರು ಇವೆರಡನ್ನೂ ಕೊಡಬಲ್ಲದು, ಅದರ ಬೆನ್ನ ಮೇಲೆ ಸಲ್ಲದ ಮೂಟೆ ಹೇರದಿದ್ದರೆ.

ಸಹಪಾಠಿಗಳಲ್ಲಿ ನನ್ನ ಅರಿಕೆ ಇಷ್ಟೆ. ಕಂಪ್ಯೂಟರು ನಿಧಾನವೆಂದು ಮನೆಯವರ ಮುಂದೆ ಹೊಸದರ ಮಾತೆತ್ತುವುದಕ್ಕೆ ಮೊದಲು ಮೇಲೆ ಹೇಳಿದ ಮೂರು ಕಡತಗಳ ಪರೀಕ್ಷೆಯನ್ನು ಮಾಡಿ ನೋಡಿರಿ. ಸುಮಾತ್ರಾ ಸ್ವತಂತ್ರ ತಂತ್ರಾಂಶ. ಅದನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವುದಕ್ಕೆ ಅದರ ಪರವಾನಗಿಯೇ ಅನುಮತಿ ಕೊಟ್ಟಿದೆ. ಬರುವ ವರ್ಷ ನಮ್ಮ ಜಾಗದಲ್ಲಿ ಕೂರುವ ಕಿರಿಯರಿಗಾಗಿ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪೆನ್‌ಡ್ರೈವು ಇಟ್ಟು, ಅದರಲ್ಲಿ ಈ ವಾಚಕವನ್ನೂ ಗ್ರಂಥಸ್ವಾಮ್ಯ ಮುಗಿದ ಕೋಲಾರ ಜಿಲ್ಲೆಯ ಹಳೆಯ ಗ್ರಂಥಗಳನ್ನೂ ತುಂಬಿಡಬೇಕೆಂದು ಅಧ್ಯಾಪಕವರ್ಗದವರಲ್ಲಿ ಬಿನ್ನಹ ಮಾಡಿಕೊಳ್ಳುತ್ತೇನೆ. ಅದಕ್ಕೆ ತಗಲುವ ಖರ್ಚು ಒಂದು ಪೆನ್‌ಡ್ರೈವಿನ ಬೆಲೆ. ಅದನ್ನು ತುಂಬುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.